ಕಾಲುವೆಯ ಅಂಜಿಕೆ: ಆಘಾತದ ನಂತರದ ಭಯಕ್ಕೆ ಸಮ್ಮೋಹನ ಬಳಸಿದ ಕೊಪ್ಪಳ ಜಿಲ್ಲೆಯ ಒಂದು ಪ್ರಕರಣ

ಕುಷ್ಟಗಿ ತಾಲೂಕಿನ ಹಳ್ಳಿಯೊಂದರ 34 ವರ್ಷದ ಕೃಷಿಕೂಲಿ ಮಹಿಳೆಯೊಬ್ಬರ ಪ್ರಕರಣವಿದು. ಗುರುತು ಸಿಗಬಾರದೆಂದು ಊರು, ಮನೆತನ ಮತ್ತು ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ. ಟ್ರ್ಯಾಕ್ಟರ್ ಅಪಘಾತದ ನಂತರ ಆಕೆಯ ಮೈಯೊಳಗೆ ಕೂತ ಭಯವನ್ನು ಸಡಿಲಿಸಲು ಸಮ್ಮೋಹನ, ಅಂದರೆ ಹಿಪ್ನಾಸಿಸ್, ನೆರವಾಯಿತು. ಅದೇ ಸಮ್ಮೋಹನದಿಂದ ಆಕೆಯ ನೆನಪನ್ನು ಕೆದಕಿ ಸಾಕ್ಷ್ಯ ತೆಗೆಯಬೇಕೆಂಬ ಒತ್ತಾಯವೂ ಬಂತು. ಚಿಕಿತ್ಸೆಯ ಅರ್ಧ ಶ್ರಮ ಈ ಎರಡನ್ನು ಒಂದಕ್ಕೊಂದು ತಾಗದಂತೆ ಇಡುವುದಕ್ಕೇ ಹೋಯಿತು.

ಘಟನೆ ಮತ್ತು ಅದರ ನಂತರ

ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ರಾಯಚೂರು ಜಿಲ್ಲೆಯವರೆಗೆ ಸುಮಾರು 227 ಕಿ.ಮೀ. ಹರಿಯುತ್ತದೆ. ಅದರ ನೀರು ಕಂಡ ಗಂಗಾವತಿ, ಕಾರಟಗಿ ಕಡೆ ಭತ್ತ. ಕಾಣದ ಕುಷ್ಟಗಿ, ಯಲಬುರ್ಗಾ ಕಡೆ ಮಳೆಯನ್ನೇ ನಂಬಿದ ಸಜ್ಜೆ, ಜೋಳ, ಕಡಲೆ. ಮುಂಗಾರಿನಲ್ಲಿ ಕಾಲುವೆಗೆ ನೀರು ಬಿಟ್ಟರೆಂದರೆ ಒಣಭೂಮಿಯ ಹೆಂಗಸರು ಗುಂಪು ಕಟ್ಟಿಕೊಂಡು ನಾಟಿ ಹಚ್ಚಲು ಹೋಗುತ್ತಾರೆ. ಎಕರೆ ಲೆಕ್ಕದಲ್ಲಿ ಗುತ್ತಿಗೆ ಹಿಡಿದ ಮೇಸ್ತ್ರಿ ಟ್ರ್ಯಾಕ್ಟರ್ ಕಳಿಸುತ್ತಾನೆ, ಸರಕು ಸಾಗಿಸಲು ಇರುವ ಟ್ರಾಲಿಯಲ್ಲಿ ಇಪ್ಪತ್ತು, ಮೂವತ್ತು ಜನ ಒತ್ತಾಗಿ ಕೂರುತ್ತಾರೆ. ನಾಟಿ ಮುಗಿಸಿ ಹೊರಟ ಅಂಥ ಟ್ರಾಲಿಯೊಂದು ಕತ್ತಲಾದ ಮೇಲೆ ಉಪಕಾಲುವೆಯ ಏರಿಯ ರಸ್ತೆಯಿಂದ ಜಾರಿ ನೀರಿಗೆ ಮಗುಚಿತು. ಆಕೆ ಅದರ ಅಡಿಯಲ್ಲಿ, ಇತರರ ಮೈಭಾರದ ಕೆಳಗೆ ಸಿಕ್ಕಿಕೊಂಡರು. ಹೊರಗೆ ಎಳೆದಾಗ ಪ್ರಜ್ಞೆ ಇತ್ತು; ಕೊರಳೆಲುಬು ಬಿರುಕುಬಿಟ್ಟಿತ್ತು. ಪಕ್ಕದ ಮನೆಯ, ಆಕೆಯದೇ ವಾರಿಗೆಯ ಗೆಳತಿ ಬದುಕಲಿಲ್ಲ.

ಎಲುಬು ಕೂಡಿಕೊಂಡಿತು. ಆದರೆ ಟ್ರ್ಯಾಕ್ಟರಿನ ಸದ್ದು ದೂರದಲ್ಲಿ ಕೇಳಿದರೂ ಕೈಯಲ್ಲಿದ್ದದ್ದನ್ನು ಬಿಟ್ಟು ಒಳಗೋಡುವುದು, ಕೆರೆಯ ದಾರಿ ಬಿಟ್ಟು ಸುತ್ತು ಹಾಕಿ ಹೊಲಕ್ಕೆ ಹೋಗುವುದು, ಬಸ್ಸು ಹತ್ತದಿರುವುದು, ಗೆಳತಿಯ ಮಕ್ಕಳ ಮುಖ ನೋಡದಿರುವುದು, ಇರುಳಿಗೆ ಕುಳಿತೇ ನಿದ್ದೆ ಮಾಡುವುದು ಉಳಿದುಕೊಂಡವು. ಮಲಗಿದರೆ ಏನಾಗುತ್ತದೆಂದು ಕೇಳಿದ್ದಕ್ಕೆ ಆಕೆ ಹೇಳಿದ್ದು ಇಷ್ಟೇ: "ಎದಿಮ್ಯಾಲ ಮಂದಿ ಬಿದ್ದಂಗ ಆಗ್ತೈತ್ರಿ." ಮನೆಯವರು ಗಾಳಿ ಸೋಕಿದೆಯೆಂದು ಯಂತ್ರ ಕಟ್ಟಿಸಿದರು, ಹುಲಿಗಿಗೆ ಹರಕೆ ಹೊತ್ತರು. ಖಾಸಗಿ ವೈದ್ಯರೊಬ್ಬರು ಬರೆದುಕೊಟ್ಟ, ಆತಂಕ ತಗ್ಗಿಸಿ ನಿದ್ದೆ ತರಿಸುವ ಅಲ್ಪ್ರಝೋಲಾಂ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗಿಸಿದರು. ಹರಕೆಯಿಂದ ಕೆಡುಕೇನೂ ಆಗಲಿಲ್ಲ, ಒಂದು ರೀತಿಯಲ್ಲಿ ಆಕೆ ಮನೆಬಿಟ್ಟು ಹೊರಗೆ ಬಂದದ್ದು ಆ ನೆಪದಿಂದಲೇ. ಗುಳಿಗೆಯ ಮಾತು ಬೇರೆ: ಈ ಬಗೆಯ ಮದ್ದು ಅಂದಿನ ರಾತ್ರಿಯನ್ನು ದಾಟಿಸುತ್ತದೆಯೇ ಹೊರತು ಆಘಾತದ ಭಯವನ್ನು ಕರಗಿಸುವುದಿಲ್ಲ, ದಿನಗಳೆದಂತೆ ತನ್ನದೇ ಚಟ ಹಚ್ಚುತ್ತದೆ.

ಅಪಘಾತವಾಗಿ ಆರು ತಿಂಗಳು ದಾಟಿದ ಮೇಲೆ ಆಶಾ ಕಾರ್ಯಕರ್ತೆಯೊಬ್ಬರು ಆಕೆಯನ್ನು ರಾಜ್ಯ ಸರ್ಕಾರದ ಮಾನಸಿಕ ಆರೋಗ್ಯ ಯೋಜನೆಯಾದ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ಕಿಗೆ ಕರೆತಂದರು. ಹಳ್ಳಿಯ ಆರೋಗ್ಯ ಕಾರ್ಯಕರ್ತರಿಂದ ತಾಲೂಕಿಗೆ, ತಾಲೂಕಿನಿಂದ ಜಿಲ್ಲೆಗೆ ಎಂಬ ಈ ಏರ್ಪಾಟು ಮೊದಲು ರೂಪುಗೊಂಡದ್ದು ನಮ್ಮ ನೆರೆಯಲ್ಲೇ. 1985ರಿಂದ 1990ರವರೆಗೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಕಾಲುವೆಗೆ ಬಿದ್ದು ಬಂದವಳ ನಿದ್ದೆ ಕೆಟ್ಟದ್ದನ್ನು ಕಾಯಿಲೆಯೆಂದು ಆಶಾ ಕಾರ್ಯಕರ್ತೆ ಗುರುತಿಸಿದರಲ್ಲ, ಅದರ ಹಿಂದೆ ಅಷ್ಟು ವರ್ಷಗಳ ಕೆಲಸವಿದೆ.

ಲಕ್ಷಣಗಳು ಆಘಾತೋತ್ತರ ಒತ್ತಡದ ಕಾಯಿಲೆಗೆ, ಅಂದರೆ ಪಿಟಿಎಸ್‌ಡಿಗೆ, ಸ್ಪಷ್ಟವಾಗಿ ಹೊಂದುತ್ತಿದ್ದವು. ಹರಿಯುವ ನೀರು ಮತ್ತು ವಾಹನ ಎರಡರ ಮೇಲೂ ಫೋಬಿಯಾ ಎನ್ನಬಹುದಾದಷ್ಟು ಅಂಜಿಕೆ ಇತ್ತಾದರೂ ಅದನ್ನು ಬೇರೆ ಕಾಯಿಲೆಯೆಂದು ಎಣಿಸಲಿಲ್ಲ. ಜಿರಲೆಗೋ ಎತ್ತರಕ್ಕೋ ಅಂಜುವವರ ಭಯ ಅದೊಂದು ವಸ್ತುವಿಗೆ ನಿಲ್ಲುತ್ತದೆ. ಈಕೆಯ ಭಯ ಒಂದು ರಾತ್ರಿಯಿಂದ ಹೊರಟು, ಆ ರಾತ್ರಿಯನ್ನು ನೆನಪಿಸುವ ಎಲ್ಲದರ ಮೇಲೂ ಹರಡಿತ್ತು. ಮನೋವೈದ್ಯರು ಅಲ್ಪ್ರಝೋಲಾಂ ಅನ್ನು ನಿಧಾನವಾಗಿ ಇಳಿಸಿ, ಖಿನ್ನತೆ ಮತ್ತು ಆತಂಕಕ್ಕೆ ಕೊಡುವ ಸರ್ಟ್ರಾಲಿನ್ ಆರಂಭಿಸಿದರು. ಮಾತಿನ ಚಿಕಿತ್ಸೆ ನನ್ನ ಪಾಲಿಗೆ ಬಂತು.

ಸಮ್ಮೋಹನವೇ ಏಕೆ

ಪಿಟಿಎಸ್‌ಡಿಗೆ ಸಮ್ಮೋಹನ ಮೊದಲ ಆಯ್ಕೆಯಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿ ಮುಂದಿಡುವುದು ಆಘಾತ ಕೇಂದ್ರಿತ ಅರಿವು-ವರ್ತನಾ ಚಿಕಿತ್ಸೆಯನ್ನು ಮತ್ತು ಕಣ್ಣನ್ನು ಎಡಬಲಕ್ಕೆ ಆಡಿಸುತ್ತ ಆಘಾತದ ನೆನಪನ್ನು ಎದುರುಗೊಳ್ಳುವ ಇಎಂಡಿಆರ್ ಕ್ರಮವನ್ನು. ನಾನು ಹೊರಟದ್ದೂ ಆ ದಾರಿಯಲ್ಲೇ: ನಡೆದದ್ದನ್ನು ಸುರಕ್ಷಿತ ಜಾಗದಲ್ಲಿ ಮೊದಲಿನಿಂದ ಕೊನೆಯವರೆಗೆ ಮತ್ತೆ ಮತ್ತೆ ಹೇಳಿಸುವುದು, ತಪ್ಪಿಸಿಕೊಳ್ಳುತ್ತಿದ್ದ ಜಾಗ ಮತ್ತು ಸದ್ದುಗಳನ್ನು ಹಂತಹಂತವಾಗಿ ಎದುರುಗೊಳ್ಳುವಂತೆ ಮಾಡುವುದು. ಆದರೆ ಟ್ರಾಲಿ ಏರಿಯ ರಸ್ತೆಗೆ ಬಂತು ಎನ್ನುವಷ್ಟರಲ್ಲಿ ಆಕೆಯ ನೋಟ ಎಲ್ಲೋ ನೆಟ್ಟು, ಉಸಿರು ಗಂಟಲಲ್ಲೇ ನಿಂತು, ಹೆಸರು ಹಿಡಿದು ಕರೆದರೂ ಓಗೊಡದ ಸ್ಥಿತಿ ಬರುತ್ತಿತ್ತು. ಎಚ್ಚರಾದ ಮೇಲೆ ತಾನು ಎಲ್ಲಿಯವರೆಗೆ ಹೇಳಿದೆನೆಂಬುದೂ ಆಕೆಗೆ ತಿಳಿಯುತ್ತಿರಲಿಲ್ಲ. ಮನಸ್ಸು ತನ್ನನ್ನು ತಾನೇ ಕಳಚಿಟ್ಟುಕೊಳ್ಳುವ ಈ ಸ್ಥಿತಿಯಲ್ಲಿ ಎಷ್ಟು ಸಲ ಕಥೆ ಹೇಳಿಸಿದರೂ ಫಲವಿಲ್ಲ, ಏಕೆಂದರೆ ಕೇಳಿಸಿಕೊಳ್ಳಬೇಕಾದವರೇ ಅಲ್ಲಿ ಇರುವುದಿಲ್ಲ.

ಇಲ್ಲಿ ಹಳೆಯದೊಂದು ಅವಲೋಕನ ನೆರವಿಗೆ ಬಂತು. ವಿಯೆಟ್ನಾಂ ಯುದ್ಧದಲ್ಲಿದ್ದ, ಪಿಟಿಎಸ್‌ಡಿಯಿಂದ ಬಳಲುತ್ತಿದ್ದ ಮಾಜಿ ಸೈನಿಕರಲ್ಲಿ ಸಮ್ಮೋಹನಕ್ಕೆ ಒಳಗಾಗುವ ಸಾಮರ್ಥ್ಯ ಇತರ ರೋಗಿಗಳಿಗಿಂತ ಹೆಚ್ಚಿರುವುದನ್ನು ಡೇವಿಡ್ ಸ್ಪೀಗೆಲ್ ಮತ್ತು ಸಂಗಡಿಗರು 1988ರಲ್ಲಿ ವರದಿ ಮಾಡಿದ್ದರು. ನಮ್ಮ ರೋಗಿಯೂ ತನ್ನ ಇಚ್ಛೆಯಿಲ್ಲದೆ ದಿನಕ್ಕೆ ಹಲವು ಬಾರಿ ಸಮ್ಮೋಹನದಂಥದೇ ತನ್ಮಯತೆಗೆ ಜಾರುತ್ತಿದ್ದರು. ಹಾಗಿದ್ದರೆ ಆ ಬಾಗಿಲನ್ನು ಆಕೆಯೇ ತೆರೆದು ಆಕೆಯೇ ಮುಚ್ಚಲು ಕಲಿಯುವಂತಾದರೆ ಹೇಗೆ ಎಂಬುದು ನನ್ನ ಯೋಚನೆಯಾಗಿತ್ತು. ಸಮ್ಮೋಹನವನ್ನು ಒಂದು ಸ್ವತಂತ್ರ ಚಿಕಿತ್ಸೆಯಾಗಿ ಅಲ್ಲ, ಭಯವನ್ನು ಎದುರಿಸುವ ಮುಖ್ಯ ಚಿಕಿತ್ಸೆ ಶುರುವಾಗಲು ಬೇಕಾದ ಊರುಗೋಲಾಗಿ ಬಳಸುವುದೆಂದು ಮನೋವೈದ್ಯರೊಡನೆ ಚರ್ಚಿಸಿ ನಿರ್ಧರಿಸಿದೆವು. ಭ್ರಮೆ, ಆತ್ಮಹತ್ಯೆಯ ಯೋಚನೆ, ಮೂರ್ಛೆ ರೋಗ ಇಲ್ಲವೆಂದು ಮೊದಲೇ ಖಚಿತಪಡಿಸಿಕೊಂಡೆವು.

ಪುರಾವೆ ಎಷ್ಟಿದೆಯೋ ಅಷ್ಟನ್ನೇ ಹೇಳಬೇಕು. ನೆದರ್ಲೆಂಡ್ಸಿನಲ್ಲಿ ಬ್ರೋಮ್ ಮತ್ತು ಸಂಗಡಿಗರು 1989ರಲ್ಲಿ 112 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ ಸಮ್ಮೋಹನ ಪಡೆದವರು ಚಿಕಿತ್ಸೆಗೆ ಕಾದು ಕುಳಿತವರಿಗಿಂತ ಹೆಚ್ಚು ಸುಧಾರಿಸಿದರು. ಆದರೆ ಜೊತೆಗಿದ್ದ ಇತರ ಎರಡು ಚಿಕಿತ್ಸೆಗಳನ್ನು ಪಡೆದವರೂ ಸುಧಾರಿಸಿದರು. ಆಸ್ಟ್ರೇಲಿಯಾದಲ್ಲಿ ರಿಚರ್ಡ್ ಬ್ರೈಂಟ್ ತಂಡ 2005ರಲ್ಲಿ 87 ಜನರನ್ನು ಒಳಗೊಂಡ ಅಧ್ಯಯನ ಪ್ರಕಟಿಸಿತು. ಅರಿವು-ವರ್ತನಾ ಚಿಕಿತ್ಸೆಗೆ ಸಮ್ಮೋಹನ ಸೇರಿಸಿದಾಗ, ಚಿಕಿತ್ಸೆ ಮುಗಿದ ಹೊತ್ತಿಗೆ, ಘಟನೆ ಮತ್ತೆ ಮತ್ತೆ ಕಣ್ಮುಂದೆ ಬರುವ ಲಕ್ಷಣ ಹೆಚ್ಚು ತಗ್ಗಿತ್ತು. ಮುಂದಿನ ತಿಂಗಳುಗಳಲ್ಲಿ ಆ ಹೆಚ್ಚುಗಾರಿಕೆ ಉಳಿಯಲಿಲ್ಲ. ಅಂದರೆ ಸಮ್ಮೋಹನದ ಲಾಭವಿರುವುದು ಹೆಚ್ಚಾಗಿ ಆರಂಭದ ದಿನಗಳಲ್ಲಿ. ಒಂದೇ ಸಲಕ್ಕೆ ಯಾವ ಭಯವನ್ನಾದರೂ ಬಿಡಿಸುತ್ತೇವೆಂದು ಗೋಡೆಬರಹ ಹಾಕುವವರ ಮಾತಿಗೆ ಈ ಯಾವ ಅಧ್ಯಯನದಲ್ಲೂ ಆಧಾರವಿಲ್ಲ.

ಒಪ್ಪಿಗೆ

ಸಮ್ಮೋಹನವೆಂದ ಕೂಡಲೇ ಅತ್ತೆಗೆ ಹೊಳೆದದ್ದು ವಶೀಕರಣ. ಸೊಸೆಯ ಮನಸ್ಸು ಪರರ ಕೈಗೆ ಹೋಗಿಬಿಟ್ಟರೆ ಎಂಬ ಅವರ ಅಂಜಿಕೆ ನಗುವಂಥದ್ದಲ್ಲ; ಪತ್ರಿಕೆಯ ವರ್ಗೀಕೃತ ಜಾಹೀರಾತಿನಿಂದ ಹಿಡಿದು ಜಾತ್ರೆಯ ಜಾದೂ ಪ್ರದರ್ಶನದವರೆಗೆ ಅವರು ಕಂಡದ್ದು ಅದನ್ನೇ. ಮೈದುನನದು ಅದಕ್ಕೆ ತದ್ವಿರುದ್ಧವಾದ ಆಸೆ. ಟಿವಿಯಲ್ಲಿ ಮಂಪರು ಪರೀಕ್ಷೆಯ ಸುದ್ದಿ ನೋಡಿದ್ದ ಆತನಿಗೆ ಇದೂ ಅಂಥದೇ ಎಂಬ ನಂಬಿಕೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಿದ್ದರು, ಟ್ರಾಲಿ ಮಗುಚಿದ ಗಳಿಗೆ ಅತ್ತಿಗೆಗೆ ನೆನಪಿರಲಿಲ್ಲ, ಹಾಗಾಗಿ ಅತ್ತಿಗೆಯ ಬಾಯಿಂದ ಚಾಲಕನ ತಪ್ಪು ಹೊರಬರಬೇಕಿತ್ತು.

ಇಬ್ಬರಿಗೂ ಒಟ್ಟಿಗೆ ಕೂರಿಸಿ ಹೇಳಿದೆ. ಸಮ್ಮೋಹನವೆಂದರೆ ನಿದ್ದೆಯಲ್ಲ, ಮೂರ್ಛೆಯೂ ಅಲ್ಲ. ಒಂದೇ ಕಡೆ ಗಮನ ನೆಟ್ಟು ಸುತ್ತಲಿನ ಅರಿವು ಹಿಂದೆ ಸರಿದಿರುವಾಗ ಹೇಳಿದ ಸೂಚನೆಗೆ ಮೈಮನಸ್ಸು ಸುಲಭವಾಗಿ ಓಗೊಡುವ ಸ್ಥಿತಿ. ಬೇಡವೆನಿಸಿದರೆ ಆಕೆ ಯಾವಾಗ ಬೇಕಾದರೂ ಕಣ್ಣು ತೆರೆದು ಎದ್ದು ಹೋಗಬಹುದು. ಮ್ಯಾಂಚೆಸ್ಟರಿನ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್ 1843ರ ಹೊತ್ತಿಗೇ ಇದರಲ್ಲಿ ಮಾಡುವವನ ಶಕ್ತಿಯೇನೂ ಇಲ್ಲ, ಇರುವುದು ಒಳಗಾಗುವವರ ಗಮನದ ಶಕ್ತಿಯೆಂದು ವಾದಿಸಿದ್ದ. ಅದಾದ ಎರಡು ವರ್ಷಕ್ಕೆ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ವೈದ್ಯ ಅರಿವಳಿಕೆಯ ಮದ್ದುಗಳು ಬರುವ ಮೊದಲೇ, ಸಮ್ಮೋಹನದ ಹಳೆಯ ರೂಪವಾದ ಮೆಸ್ಮರಿಸಂ ಬಳಸಿ ಶಸ್ತ್ರಚಿಕಿತ್ಸೆಗಳನ್ನು ಮಾಡಿದ್ದ. ಇದಿಷ್ಟೂ ಅತ್ತೆಯನ್ನು ಒಪ್ಪಿಸಲಿಲ್ಲ. ಬಾಗಿಲು ತೆರೆದಿರುತ್ತದೆ, ನರ್ಸ್ ಜೊತೆಗಿರುತ್ತಾರೆ, ನೀವೂ ಕೂರಬಹುದು ಎಂದಾಗ ಒಪ್ಪಿದರು.

ಮೈದುನನಿಗೆ ಹೇಳಬೇಕಾದದ್ದು ಹೆಚ್ಚಿತ್ತು. ಮಂಪರು ಪರೀಕ್ಷೆ ಬೇರೆ, ಅದರಲ್ಲಿ ಮದ್ದು ಚುಚ್ಚುತ್ತಾರೆ. ಅದನ್ನೂ ಒಪ್ಪಿಗೆಯಿಲ್ಲದೆ ನಡೆಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಹೇಳಿದೆ. ಸಮ್ಮೋಹನದಲ್ಲಿ ಬರುವ ನೆನಪು ಹೆಚ್ಚು ನಿಜವಾಗಿರುವುದಿಲ್ಲ, ಹೆಚ್ಚು ಗಟ್ಟಿಯಾಗಿ ಮಾತ್ರ ನಂಬಿಕೆಗೆ ಬರುತ್ತದೆ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ವಿಜ್ಞಾನ ಮಂಡಳಿ 1985ರಲ್ಲೇ ಈ ಎಚ್ಚರಿಕೆ ಕೊಟ್ಟಿತ್ತು. ಆದುದರಿಂದ ಈ ಕೋಣೆಯಲ್ಲಿ ಅಪಘಾತದ ತನಿಖೆ ನಡೆಯುವುದಿಲ್ಲವೆಂದು ಒಪ್ಪಿಗೆ ಪತ್ರದಲ್ಲೇ ಬರೆದೆ. ಸಹಿ ಮಾತ್ರ ಆಕೆಯದೇ ಇರಬೇಕೆಂದು ಹಟ ಹಿಡಿದೆ. ಮನೆಯವರ ಒಪ್ಪಿಗೆಯನ್ನೇ ರೋಗಿಯ ಒಪ್ಪಿಗೆಯೆಂದು ತಿಳಿಯುವುದು ನಮ್ಮ ಆಸ್ಪತ್ರೆಗಳಲ್ಲಿ ರೂಢಿಯಾಗಿಬಿಟ್ಟಿದೆ.

ಇನ್ನೊಂದು ಮುಖ್ಯ ಕೆಲಸವನ್ನು ಸಮ್ಮೋಹನ ಶುರುವಾಗುವ ಮೊದಲೇ ಮಾಡಿದ್ದೆ. ಆ ರಾತ್ರಿಯ ಬಗ್ಗೆ ಆಕೆಗೆ ಎಚ್ಚರದಲ್ಲಿ ಎಷ್ಟು ನೆನಪಿದೆಯೋ ಅಷ್ಟನ್ನೂ ಆಕೆಯದೇ ಮಾತಿನಲ್ಲಿ, ದಿನಾಂಕ ಹಾಕಿ ಬರೆದುಕೊಂಡಿದ್ದೆ. ಟ್ರಾಲಿಯಲ್ಲಿ ಎಲ್ಲಿ, ಯಾವ ಕಡೆ ಮುಖ ಮಾಡಿ ಕೂತಿದ್ದರು, ಯಾರ ಪಕ್ಕ, ನೀರಿಗೆ ಬಿದ್ದ ಮೇಲೆ ಏನು ತಿಳಿಯಿತು, ಊರಿಗೆ ಬಂದ ಮೇಲೆ ಇತರರು ಏನೇನು ಹೇಳಿದರು ಎಲ್ಲವೂ ಅದರಲ್ಲಿತ್ತು. ಆ ಎರಡು ಪುಟಗಳು ಮುಂದೆ ಕೆಲಸಕ್ಕೆ ಬಂದವು.

ಮಾತುಗಳನ್ನು ಆರಿಸಿದ್ದು

ಸಮ್ಮೋಹನ ಕಲಿಸುವ ಪುಸ್ತಕಗಳಲ್ಲಿರುವ ಸಿದ್ಧ ಮಾತುಗಳನ್ನು ಈಕೆಗೆ ಹೇಳಿದ್ದರೆ ಅನಾಹುತವಾಗುತ್ತಿತ್ತು. "ನಿಧಾನವಾಗಿ ಆಳಕ್ಕೆ ಇಳಿಯುತ್ತಿದ್ದೀರಿ, ಇನ್ನೂ ಆಳಕ್ಕೆ, ಮೈ ಭಾರವಾಗುತ್ತಿದೆ, ತೇಲುತ್ತಿದ್ದೀರಿ, ತಂಪಾದ ನದಿಯ ದಂಡೆಯಲ್ಲಿ ಮಲಗಿದ್ದೀರಿ" ಎಂಬ ಮಾತುಗಳಿಗೆ ಬಹಳ ಜನರ ಮೈ ಸಡಿಲವಾಗುತ್ತದೆ. ಕತ್ತಲೆಯ ನೀರಿನಲ್ಲಿ, ಜನರ ಭಾರದ ಕೆಳಗೆ ಸಿಕ್ಕಿದ್ದವರಿಗೆ ಈ ಒಂದೊಂದು ಮಾತೂ ಆ ರಾತ್ರಿಯೇ. ಆಳ, ಇಳಿಯುವುದು, ಭಾರ, ತೇಲುವುದು, ಮುಳುಗುವುದು, ಮಲಗುವುದು ಎಲ್ಲವನ್ನೂ ಪಟ್ಟಿ ಮಾಡಿ ಬಿಟ್ಟೆ. ಆಕೆ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಕಣ್ಣು ಮುಚ್ಚಲೇಬೇಕೆಂದಿರಲಿಲ್ಲ, ಎದುರಿನ ಕಿಟಕಿಯ ಸರಳೊಂದರ ಮೇಲೆ ನೋಟ ನಿಲ್ಲಿಸಿದರೆ ಸಾಕಿತ್ತು. ಆಳಕ್ಕೆ ಇಳಿಸುವ ಬದಲು ನೆಲವನ್ನು ಹಿಡಿಸುವುದು ನನ್ನ ಸೂಚನೆಗಳ ದಿಕ್ಕಾಯಿತು: ನೆಲ ಗಟ್ಟಿಯಿದೆ, ಗೋಡೆ ಬೆನ್ನಿಗಿದೆ, ಉಸಿರು ತಾನೇ ಬಂದು ತಾನೇ ಹೋಗುತ್ತಿದೆ.

ಸೂಚನೆಗೆ ಆಕೆ ಎಷ್ಟು ಓಗೊಡುತ್ತಾರೆಂದು ತಿಳಿಯಲು, 1959ರಿಂದ ಬಳಕೆಯಲ್ಲಿರುವ ಸ್ಟ್ಯಾನ್‌ಫರ್ಡ್ ಮಾಪನವನ್ನು ಪೂರ್ತಿ ನಡೆಸದೆ ಆ ಮಾದರಿಯ ಒಂದೆರಡು ಸೂಚನೆಗಳನ್ನು ಮಾತ್ರ ಕೊಟ್ಟೆ. ಅಂಗೈಗಳ ನಡುವೆ ಏನೋ ತಳ್ಳುತ್ತಿದೆ ಎಂದಾಗ ಕೈಗಳು ತಡವಿಲ್ಲದೆ ದೂರ ಸರಿದವು. ನೆಮ್ಮದಿಯ ಜಾಗವನ್ನು ಆಕೆಯೇ ಆರಿಸಬೇಕಿತ್ತು. ಆರಿಸಿದ್ದು ಎಳ್ಳ ಅಮಾವಾಸ್ಯೆಯ ದಿನ ಚರಗ ಚೆಲ್ಲಲು ಹೋಗುವ ಜೋಳದ ಹೊಲ. ತೆನೆ ಕಟ್ಟುತ್ತಿರುವ ಬಿಳಿಜೋಳ, ಬನ್ನಿಗಿಡದ ನೆರಳು, ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಕಾಲ ಕೆಳಗೆ ಬಿರುಕುಬಿಟ್ಟ ಕರಿನೆಲ. ನೀರಿನ ಸುಳಿವೇ ಇಲ್ಲದ ಜಾಗ. ಆ ಹೊಲವನ್ನು ವಿವರಿಸುವಾಗ ನಾನು ಬರೆಯುವ ಕನ್ನಡ ಬಿಟ್ಟು ಆಕೆ ಆಡುವ ಕನ್ನಡ ಹಿಡಿದೆ. ಸೂಚನೆ ಪುಸ್ತಕದ ಭಾಷೆಯಲ್ಲಿದ್ದಾಗ ಆಕೆ ಅದನ್ನು ಪರೀಕ್ಷೆಯೆಂಬಂತೆ ಕೇಳುತ್ತಿದ್ದರು. ಹೊಲದಲ್ಲಿ ಮೈ ಹಗುರಾದ ಹೊತ್ತಿಗೆ ಸೆರಗಿನ ಅಂಚನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿಯಲು ಹೇಳಿಕೊಟ್ಟೆ. ದಿನವೂ ಮನೆಯಲ್ಲಿ ಅಭ್ಯಾಸ ಮಾಡಿದ ಮೇಲೆ ಸೆರಗು ಹಿಡಿದರೆ ಹೊಲ ತಾನಾಗಿ ಬರುವಂತಾಯಿತು.

ಭಯದ ಅಳತೆಗೂ ಆಕೆಯದೇ ಲೆಕ್ಕ ಹಿಡಿದೆವು. ಜೋಸೆಫ್ ವೋಲ್ಪೆ ಬಳಕೆಗೆ ತಂದ, ಸೊನ್ನೆಯಿಂದ ನೂರರವರೆಗೆ ಭಯವನ್ನು ಹೇಳಿಸುವ ಮಾಪನ ಆಕೆಗೆ ಒಗ್ಗಲಿಲ್ಲ. ನಮ್ಮ ಕಡೆ ಬೆಳೆಯನ್ನು ಇಂದಿಗೂ ಆಣೆಯಲ್ಲಿ ಹೇಳುತ್ತಾರೆ. ಎಂಟಾಣೆ ಬೆಳೆ ಎಂದರೆ ಅರ್ಧ ಬೆಳೆ. "ಈಗ ಅಂಜಿಕಿ ಎಷ್ಟಾಣೆ?" ಎಂದರೆ ಆಕೆ ತಡವರಿಸದೆ ಉತ್ತರಿಸುತ್ತಿದ್ದರು. ಟ್ರ್ಯಾಕ್ಟರಿನ ಸದ್ದಿಗೆ ಹದಿನಾಲ್ಕಾಣೆ, ಕಾಲುವೆಯ ಹೆಸರೆತ್ತಿದರೆ ಬಾರಾಣೆ, ಕಾಲುವೆಯ ಸೇತುವೆಗೆ ಹದಿನಾರಾಣೆ.

ಗೋಡೆಯ ಎರಡು ಭಾಗ

ಹೊಲಕ್ಕೆ ಹೋಗಿ ಬರುವುದು ರೂಢಿಯಾದ ಮೇಲೆ ಆ ರಾತ್ರಿಯನ್ನು ಮುಟ್ಟಿದೆವು. ಸ್ಪೀಗೆಲ್ ವಿವರಿಸಿದ, ಪರದೆಯನ್ನು ಎರಡಾಗಿ ಸೀಳುವ ಕ್ರಮವನ್ನು ಅನುಸರಿಸಿದೆ. ಪರದೆಯ ಬದಲು ಸಾರಿಸಿದ ಗೋಡೆ. ಎಡಭಾಗದಲ್ಲಿ ಅಪಘಾತದ ಚಿತ್ರ, ಬಲಭಾಗದಲ್ಲಿ ಆ ಹೊತ್ತಿನಲ್ಲಿ ತನ್ನನ್ನೋ ಇತರರನ್ನೋ ಉಳಿಸಿಕೊಳ್ಳಲು ಆಕೆ ಮಾಡಿದ ಏನಾದರೊಂದು. ಬೆನ್ನು ಗೋಡೆಗಿದೆ, ಕೈಯಲ್ಲಿ ಸೆರಗಿದೆ. ಭಯ ಬಾರಾಣೆ ದಾಟಿದರೆ ಎಡಗೋಡೆ ಮಸುಕಾಗಲಿ, ಹೊಲಕ್ಕೆ ಬರೋಣ ಎಂಬ ಒಪ್ಪಂದ. ಮೊದಮೊದಲು ಎಡಗೋಡೆಯಲ್ಲಿ ಟ್ರಾಲಿಯ ಹಿಂಬದಿಯ ಹಲಗೆ ಮಾತ್ರ ಕಂಡಿತು, ಅಷ್ಟಕ್ಕೇ ಹೊಲಕ್ಕೆ ಮರಳಿದೆವು. ಬರಬರುತ್ತ ನೀರು, ಕತ್ತಲೆ, ಎದೆಯ ಮೇಲಿನ ಭಾರ ಕಂಡವು. ಆಕೆ ಅತ್ತರು, ಮೈ ನಡುಗಿತು, ಆದರೆ ನೋಟ ಕಳೆದುಹೋಗಲಿಲ್ಲ. ಕೇಳಿದ್ದಕ್ಕೆ ಆಣೆಯ ಲೆಕ್ಕ ಹೇಳುವಷ್ಟು ಇಲ್ಲಿಯೇ ಇದ್ದರು. ಸಮ್ಮೋಹನದಿಂದ ನಾನು ಬಯಸಿದ್ದು ಇದನ್ನೇ.

ಬಲಗೋಡೆ ಬಹುದಿನ ಖಾಲಿಯಿತ್ತು. ತಾನೇನೂ ಮಾಡಲಿಲ್ಲ, ಗೆಳತಿಯ ಕೈ ತನ್ನ ಕೈಯಿಂದ ಜಾರಿತು, ತಾನು ಬದುಕಿದ್ದೇ ತಪ್ಪು ಎಂಬುದು ಆಕೆಯ ನಂಬಿಕೆಯಾಗಿತ್ತು. ಒಂದು ದಿನ ಬಲಗೋಡೆಯಲ್ಲಿ ತಾನು ಹುಡುಗಿಯೊಬ್ಬಳ ಕಾಲನ್ನು ಹೆಗಲಿಗಿಟ್ಟು ಏರಿಯ ಕಡೆ ತಳ್ಳಿದ್ದು ಕಂಡಿತೆಂದರು. ನಾನು ಕೂಡಲೇ ಅದನ್ನು ಹಿಡಿದುಕೊಳ್ಳಲಿಲ್ಲ. ಮೊದಲೇ ಬರೆದಿಟ್ಟ ಪುಟಗಳನ್ನು ನೋಡಿದೆ. ಆ ಹುಡುಗಿ ಬದುಕುಳಿದವಳು, ಊರಿಗೆ ಬಂದ ವಾರದಲ್ಲೇ "ಅಕ್ಕ ನನ್ನ ದಬ್ಬಿದ್ಲು, ಅದಕ್ಕ ಉಳಿದ್ನಿ" ಎಂದು ಮನೆಗೆ ಬಂದು ಹೇಳಿಹೋಗಿದ್ದಳು, ಆಕೆ ಅದನ್ನು ಸಮಾಧಾನದ ಮಾತೆಂದು ತಳ್ಳಿಹಾಕಿದ್ದರು. ಸಮ್ಮೋಹನಕ್ಕೆ ಮುಂಚೆಯೇ, ಬೇರೊಬ್ಬರ ಬಾಯಿಂದ ದಾಖಲಾದ ಸಂಗತಿಯಾದ್ದರಿಂದ ಅದನ್ನು ಚಿಕಿತ್ಸೆಯಲ್ಲಿ ಬಳಸಲು ಹಿಂಜರಿಯಲಿಲ್ಲ. ಗೋಡೆಯ ಮೇಲೆ ಕಂಡ ಚಿತ್ರ ಹುಡುಗಿಯ ಮಾತಿನಿಂದಲೇ ಮೂಡಿದ್ದೂ ಇರಬಹುದು. ಆದರೆ ನಡೆದದ್ದಕ್ಕೆ ಸಾಕ್ಷಿ ಆ ಚಿತ್ರವಲ್ಲ, ಹುಡುಗಿ.

ಚಾಲಕನ ಕೈಯಲ್ಲಿ ಮೊಬೈಲು

ಕೆಲವು ವಾರಗಳ ನಂತರ ಎಡಗೋಡೆಯಲ್ಲಿ ಹೊಸದೊಂದು ಕಂಡಿತು. ಟ್ರಾಲಿ ವಾಲುವ ಮೊದಲು ಚಾಲಕ ಕಿವಿಗೆ ಮೊಬೈಲು ಹಿಡಿದು ಮಾತನಾಡುತ್ತಿದ್ದ. ಆಕೆಗೆ ಅದರಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ. ಪರದೆಯ ಬೆಳಕು ಆತನ ಕೆನ್ನೆಗೆ ಬಿದ್ದದ್ದೂ ಕಂಡಿತ್ತು. ಮನೆಗೆ ಹೋಗಿ ಹೇಳಿದರು. ಮರುವಾರ ಮೈದುನ ವಕೀಲರ ಸಲಹೆ ಪಡೆದು ಬಂದ. ಸಮ್ಮೋಹನದಲ್ಲಿ ನೆನಪು ಮರಳಿದೆಯೆಂದು ನಾನೊಂದು ಪ್ರಮಾಣಪತ್ರ ಕೊಡಬೇಕಿತ್ತು.

ಬರೆದಿಟ್ಟ ಪುಟಗಳಲ್ಲಿ ಆಕೆ ಕೂತ ಜಾಗವಿತ್ತು. ಟ್ರಾಲಿಯ ಮುಂಬದಿಯ ಹಲಗೆಗೆ ಒರಗಿ, ಬಂದ ದಾರಿಯ ಕಡೆ ಮುಖ ಮಾಡಿ ಕೂತಿದ್ದರು. ಚಾಲಕ ಇದ್ದದ್ದು ಬೆನ್ನ ಹಿಂದೆ. ಅದೇ ಪುಟದ ಕೊನೆಯಲ್ಲಿ, ಚಾಲಕ ಫೋನಿನಲ್ಲಿದ್ದನೆಂದು ಊರಲ್ಲಿ ಮಂದಿ ಆಡಿಕೊಳ್ಳುತ್ತಿದ್ದಾರೆ ಎಂಬ ಮಾತೂ ಆಕೆಯ ಬಾಯಿಂದಲೇ ಬಂದು ದಾಖಲಾಗಿತ್ತು. ಕೇಳಿದ ಮಾತು ಕಂಡ ಚಿತ್ರವಾಗಿತ್ತು. ಇದು ಸುಳ್ಳು ಹೇಳುವುದಲ್ಲ, ಮನಸ್ಸಿನ ಸಹಜ ಕೆಲಸ. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ವಾಹನ ಡಿಕ್ಕಿಯ ಚಿತ್ರ ತೋರಿಸಿ ನಡೆಸಿದ ಪ್ರಯೋಗದಲ್ಲಿ, ಪ್ರಶ್ನೆಯಲ್ಲಿ ಬಿರುಸಾದ ಕ್ರಿಯಾಪದ ಬಳಸಿದ ಮಾತ್ರಕ್ಕೆ ನೋಡಿದವರು ಹೇಳುವ ವೇಗ ಏರಿತ್ತು. ಒಂದು ವಾರದ ನಂತರ, ಆ ಬಿರುಸಾದ ಪದ ಕೇಳಿಸಿಕೊಂಡವರಲ್ಲಿ ಇತರರಿಗಿಂತ ಹೆಚ್ಚು ಮಂದಿಗೆ ಚಿತ್ರದಲ್ಲಿ ಇಲ್ಲದ ಒಡೆದ ಗಾಜು ನೆನಪಿಗೆ ಬಂದಿತ್ತು. ಅದೂ ಸಮ್ಮೋಹನವಿಲ್ಲದೆ. ತನ್ಮಯತೆಯಲ್ಲಿ ಕಲ್ಪನೆಯೂ ನೆನಪಿನಷ್ಟೇ ಮೈದುಂಬಿ ಬರುವಾಗ ಇದು ಇನ್ನೂ ಸುಲಭ.

ಚಾಲಕ ಫೋನಿನಲ್ಲಿ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಇದ್ದಿರಲೂಬಹುದು, ಅದನ್ನು ಕರೆಯ ದಾಖಲೆಯಿಂದ ಪೊಲೀಸರು ತಿಳಿಯಬಹುದು, ಚಾಲಕನ ಕಡೆ ಮುಖ ಮಾಡಿ ಕೂತಿದ್ದ ಹೆಂಗಸರು ಹೇಳಬಹುದು. ಈಕೆಯ ಚಿತ್ರದಿಂದ ತಿಳಿಯಲಾಗದು ಎಂಬುದಷ್ಟೇ ನನ್ನ ನಿಲುವು. ಪ್ರಮಾಣಪತ್ರದ ಬದಲು, ಆಕೆಗೆ ಇರುವ ಕಾಯಿಲೆ, ಅದಕ್ಕೂ ಅಪಘಾತಕ್ಕೂ ಇರುವ ಸಂಬಂಧ, ದುಡಿಮೆಗೆ ಆಗಿರುವ ಅಡ್ಡಿ, ನಡೆಯುತ್ತಿರುವ ಚಿಕಿತ್ಸೆ ಇವುಗಳ ಬಗ್ಗೆ ವರದಿ ಕೊಟ್ಟೆ. ಸಮ್ಮೋಹನ ಬಳಸಲಾಗಿದೆ, ಅದರಲ್ಲಿ ಬಂದ ಯಾವ ನೆನಪನ್ನೂ ಘಟನೆಯ ಸಾಕ್ಷ್ಯವಾಗಿ ಪರಿಗಣಿಸಬಾರದು ಎಂದು ಅದರಲ್ಲೇ ನಮೂದಿಸಿದೆ. ಮೈದುನ ಸಿಟ್ಟಾದ. ಪರಿಹಾರದ ಲೆಕ್ಕಕ್ಕೆ ಈ ವರದಿಯೇ ಹೆಚ್ಚು ಉಪಯೋಗವೆಂದು ವಕೀಲರೇ ಆತನಿಗೆ ತಿಳಿಹೇಳಿದರು.

ಆಕೆಗೆ ಇದನ್ನು ಹೇಳುವುದು ಹೆಚ್ಚು ಕಷ್ಟವಿತ್ತು. ಕಂಡದ್ದನ್ನು ಕಂಡಿಲ್ಲವೆಂದರೆ, ಇಷ್ಟು ದಿನ ನೋಡಿದ್ದೆಲ್ಲ ಸುಳ್ಳೇ ಎಂಬ ಪ್ರಶ್ನೆ ಏಳುತ್ತದೆ. ನೆಲದ ಮೇಲೆ ಚಾಕ್‌ಪೀಸಿನಲ್ಲಿ ಟ್ರಾಲಿ ಬರೆದು, ಎಲ್ಲರೂ ಕೂತ ಜಾಗ ಗುರುತು ಹಾಕಲು ಆಕೆಗೇ ಹೇಳಿದೆ. ತನ್ನ ಜಾಗದಲ್ಲಿ ಕೂತು ಚಾಲಕನ ಕಡೆ ತಿರುಗಲು ಪ್ರಯತ್ನಿಸಿ, ತುಸು ಹೊತ್ತು ಸುಮ್ಮನಿದ್ದು, "ಮಂದಿ ಅಂದದ್ದ ಕಣ್ಣಾಗ ಕುಂತೈತ್ರಿ" ಎಂದರು. ಭಯ ನಿಜ, ಭಾರ ನಿಜ, ಗೆಳತಿ ಹೋದದ್ದು ನಿಜ. ಗೋಡೆಯ ಮೇಲಿನ ಪ್ರತಿಯೊಂದು ಗೆರೆಯೂ ನಿಜವಾಗಿರಬೇಕಿಲ್ಲ. ಅದನ್ನು ಆಕೆ ನಾನು ಅಂದುಕೊಂಡದ್ದಕ್ಕಿಂತ ಬೇಗ ಒಪ್ಪಿದರು.

ಕಾಲುವೆಯ ಬಳಿಗೆ

ಕೋಣೆಯೊಳಗೆ ಎಷ್ಟು ಸಾಧಿಸಿದರೂ ಭಯ ಬಿಡುವುದು ಭಯದ ಜಾಗದಲ್ಲಿಯೇ. ನಿಂತ ಟ್ರ್ಯಾಕ್ಟರನ್ನು ಮುಟ್ಟುವುದು, ಶುರುಮಾಡಿದ ಟ್ರ್ಯಾಕ್ಟರಿನ ಪಕ್ಕ ನಿಲ್ಲುವುದು, ಊರ ಕೆರೆಯ ಏರಿಯ ಮೇಲೆ ಮೊದಲು ಬೇಸಿಗೆಯಲ್ಲಿ, ಆಮೇಲೆ ನೀರು ಬಂದಾಗ ನಡೆಯುವುದು, ಕುಷ್ಟಗಿಯವರೆಗೆ ಬಸ್ಸು, ಕೊನೆಗೆ ಗಂಗಾವತಿಯ ದಾರಿಯಲ್ಲಿ ಕಾಲುವೆಯ ಸೇತುವೆ. ಪ್ರತಿ ಹಂತದಲ್ಲೂ ಆಣೆ ಇಳಿಯುವವರೆಗೆ ಅಲ್ಲೇ ಇರಬೇಕು, ಏರಿದಾಗ ಓಡಿಬರಬಾರದು. ಸೆರಗಿನ ಅಂಚನ್ನು ಆರಂಭದಲ್ಲಿ ಹಿಡಿಯಲು ಬಿಟ್ಟು, ಕ್ರಮೇಣ ಅದನ್ನೂ ಬಿಡಿಸಿದೆ. ಸೆರಗು ಹಿಡಿದದ್ದರಿಂದಲೇ ಬದುಕಿದೆನೆಂಬ ನಂಬಿಕೆ ಬಂದರೆ ಅದೇ ಇನ್ನೊಂದು ಯಂತ್ರದ ತಾಯತವಾಗುತ್ತದೆ.

ಟ್ರಾಲಿ ಹತ್ತಿಸಬೇಕೇ ಎಂಬ ಪ್ರಶ್ನೆ ಬಂತು. ಮತ್ತೆ ನಾಟಿಗೆ ಹೋದರೆ ಮಾತ್ರ ಪೂರ್ತಿ ವಾಸಿಯಾದಂತೆ ಎಂಬುದು ಗಂಡನ ವಾದ. ನಾನು ಒಪ್ಪಲಿಲ್ಲ. ಮೂವತ್ತು ಜನ ತುಂಬಿದ ಟ್ರಾಲಿಯಲ್ಲಿ, ಕತ್ತಲಲ್ಲಿ, ಕಾಲುವೆಯ ಏರಿಯ ಮೇಲೆ ಹೋಗಲು ಅಂಜುವುದು ಕಾಯಿಲೆಯಲ್ಲ. ನಮ್ಮ ಚಿಕಿತ್ಸೆ ಬಿಡಿಸಬೇಕಾದದ್ದು ಅಪಾಯವಿಲ್ಲದ ಕಡೆ ಅಪಾಯ ಕಾಣುವ ಭಯವನ್ನು. ಇರುವ ಅಪಾಯವನ್ನು ಕಾಣದಂತೆ ಮಾಡಲು ಸಮ್ಮೋಹನ ಬಳಸಿದರೆ ಅದು ಮೇಸ್ತ್ರಿಗೆ ಮಾಡಿದ ಉಪಕಾರವಾಗುತ್ತದೆ. ಹಾಗೆಂದು ಸುಲಭವಾಗಿ ಹೇಳಿಬಿಡಬಹುದು, ಆದರೆ ನಾಟಿಯ ಹಂಗಾಮಿನ ಕೂಲಿ ಒಣಭೂಮಿಯ ಮನೆಗೆ ಇಡೀ ವರ್ಷದ ಸಾಲ ತೀರಿಸುವ ದುಡ್ಡು, ಮತ್ತು ಆ ಕೂಲಿಗೆ ಬೇರೆ ದಾರಿಯಲ್ಲಿ ಹೋಗುವ ಏರ್ಪಾಟನ್ನು ಯಾರೂ ಮಾಡುವುದಿಲ್ಲ. ಆ ವರ್ಷ ಆಕೆ ಉದ್ಯೋಗ ಖಾತ್ರಿಯ ಕೆಲಸಕ್ಕೆ ಹೋದರು, ಕೂಲಿ ಕಡಿಮೆ ಬಂತು.

ಸೇತುವೆಯ ಮೇಲೆ ಮೊದಲ ಸಲ ಬಸ್ಸಿನಿಂದಿಳಿದು ನಿಂತಾಗ ಹದಿನಾರಾಣೆಯಿಂದ ಹೊರಟ ಭಯ ಎಂಟಾಣೆಗೆ ಇಳಿಯಲು ಮಧ್ಯಾಹ್ನವೆಲ್ಲ ಬೇಕಾಯಿತು. ಅಷ್ಟರಲ್ಲಿ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋಯಿತು. ಮುಂದಿನ ದಿನಗಳಲ್ಲಿ ಟಿವಿ ಹಾಕಿದರೆ ಭೋರ್ಗರೆಯುವ ನೀರೇ. ಆಕೆಗೆ ನಿದ್ದೆ ಮತ್ತೆ ಕೆಟ್ಟಿತು, ಎದೆಯ ಭಾರ ಮರಳಿತು. ಕೆಲವು ದಿನ ಟಿವಿ ಆರಿಸಿಡಲು ಮನೆಯವರಿಗೆ ಹೇಳಿದೆ. ಕೆಲವು ಸಲ ಹೊಲ ಮತ್ತು ಗೋಡೆಗೆ ಮರಳಿದೆವು, ಆದರೆ ಸೇತುವೆಗೆ ಹೋಗುವುದನ್ನು ನಿಲ್ಲಿಸಲಿಲ್ಲ. ಇಂಥ ಹಿನ್ನಡೆ ಬಂದೇ ಬರುತ್ತದೆಂದು ಮೊದಲೇ ಹೇಳಿದ್ದರಿಂದ ಆಕೆ ಅದನ್ನು ಸೋಲೆಂದು ತಿಳಿಯಲಿಲ್ಲ.

ಈಗಿನ ಸ್ಥಿತಿ

ಕೊನೆಯ ಭೇಟಿಯ ಹೊತ್ತಿಗೆ ಆಕೆ ಮಲಗಿ ನಿದ್ದೆ ಮಾಡುತ್ತಿದ್ದರು. ಗಂಗಾವತಿಯ ಸಂತೆಗೆ ಬಸ್ಸಿನಲ್ಲಿ ಹೋಗಿಬರುತ್ತಾರೆ. ಸೇತುವೆ ದಾಟುವಾಗ ನಾಲ್ಕಾಣೆಯಷ್ಟು ಅಂಜಿಕೆ ಉಳಿದಿದೆ, ಅದನ್ನು ತೆಗೆಯಲು ನಾವು ಯತ್ನಿಸುತ್ತಿಲ್ಲ. ಕಾಲುವೆಗೆ ನೀರು ಬಿಡುವ ವಾರಗಳಲ್ಲಿ ಕೆಟ್ಟ ಕನಸು ಬೀಳುತ್ತದೆ. ಗೆಳತಿಯ ಮಕ್ಕಳಲ್ಲಿ ಕಿರಿಯವಳು ಶಾಲೆ ಬಿಟ್ಟ ಮೇಲೆ ಈಕೆಯ ಮನೆಗೇ ಬರುತ್ತಾಳೆ. ಪರಿಹಾರದ ಅರ್ಜಿ ಇನ್ನೂ ವಿಚಾರಣೆಯಲ್ಲಿದೆ. ಟ್ರಾಲಿಯಲ್ಲಿ ಜನರನ್ನು ಸಾಗಿಸಿದ್ದು ನಿಯಮಬಾಹಿರ, ಹಾಗಾಗಿ ತನ್ನ ಹೊಣೆಯಲ್ಲ ಎಂಬುದು ವಿಮಾ ಕಂಪನಿಯ ವಾದ. ಸರ್ಟ್ರಾಲಿನ್ ಪ್ರಮಾಣವನ್ನು ಮನೋವೈದ್ಯರು ಅರ್ಧಕ್ಕೆ ಇಳಿಸಿದ್ದಾರೆ. ಮುಂದಿನ ಮುಂಗಾರಿನ ನೀರು ಬಿಟ್ಟು ಎರಡು ತಿಂಗಳು ಕಳೆದ ಮೇಲೆ ನಿದ್ದೆಯ ಸ್ಥಿತಿ ನೋಡಿ ಪೂರ್ತಿ ನಿಲ್ಲಿಸುವುದೆಂದು ತೀರ್ಮಾನವಾಗಿದೆ.